ಒಂಬತ್ತು ವರ್ಷ ತಡವಾಗಿ ಬರುವ ಮೇಲ್ಸೇತುವೆ

"ನಗೋದು ನಿಲ್ಸಿ ಮೊದಲು," ಎಂದ ಆಪ್ತ ಸಹಾಯಕ.

ಹೆಡ್ ಕಾನ್‌ಸ್ಟೇಬಲ್ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಭುಜಗಳು ಮಾತ್ರ ಅಲುಗುತ್ತಲೇ ಇದ್ದವು. ಠಾಣೆಯ ಮೇಜಿನ ಮೇಲಿನ ಫೋನಿನಲ್ಲಿ ಒಬ್ಬ ಹೆಂಗಸಿನ ದನಿ ಮೂರನೆಯ ಸಲ ಶುರುವಾಯಿತು.

"ಪ್ರಯಾಣಿಕರ ಗಮನಕ್ಕೆ. ನಗರಸಭೆಯ ಅಧ್ಯಕ್ಷರು ಭರವಸೆ ಕೊಟ್ಟಿರುವ ರೈಲ್ವೆ ಮೇಲ್ಸೇತುವೆಯು ನಿಗದಿತ ಸಮಯಕ್ಕಿಂತ ಒಂಬತ್ತು ವರ್ಷ ತಡವಾಗಿ ಬರುವ ನಿರೀಕ್ಷೆಯಿದೆ. ಅಲ್ಲಿಯವರೆಗೆ ಹಳಿ ದಾಟುವವರು ತಮ್ಮ ಜೀವವನ್ನು ತಾವೇ ಹೊತ್ತುಕೊಂಡು ದಾಟತಕ್ಕದ್ದು."

ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಗ್ಗೆ 10.40. ದೂರುದಾರ ನಗರಸಭಾ ಅಧ್ಯಕ್ಷರ ಆಪ್ತ ಸಹಾಯಕ. ಇಂಥ ನಾಲ್ಕು ತುಣುಕುಗಳು ಮೂರು ದಿನದಲ್ಲಿ ಊರಿನ ಫೋನುಗಳನ್ನೆಲ್ಲ ಸುತ್ತಿದ್ದವು. ಮೊದಲು ಹಾಕಿದ ಖಾತೆಗೆ ಹೆಸರೂ ಇರಲಿಲ್ಲ, ಫೋಟೋವೂ ಇರಲಿಲ್ಲ.

"ಇದರಲ್ಲಿ ಸುಳ್ಳು ಯಾವುದು?" ಇನ್‌ಸ್ಪೆಕ್ಟರ್ ಕೇಳಿದರು.

"ಒಂಬತ್ತು ವರ್ಷ ಅನ್ನೋದು. ಆಗಿರೋದು ಎಂಟು ವರ್ಷ ಏಳು ತಿಂಗಳು."

"ಅದನ್ನ ಹಾಗೇ ಬರ್ಕೊಳ್ರೀ," ಎಂದರು ಇನ್‌ಸ್ಪೆಕ್ಟರ್. ಹೆಡ್ ಕಾನ್‌ಸ್ಟೇಬಲ್ಲರ ಭುಜಗಳು ಮತ್ತೆ ಅಲುಗಿದವು.

ದೂರುದಾರ ಕುರ್ಚಿಯಿಂದ ಏಳುವಷ್ಟರಲ್ಲಿ ಮೇಲಧಿಕಾರಿಯ ಫೋನ್ ಬಂತು. 11.25ಕ್ಕೆ ಎಫ್‌ಐಆರ್ ದಾಖಲಾಯಿತು. ಅಧಿಕೃತ ಪ್ರಕಟಣೆಯ ಸೋಗಿನಲ್ಲಿ ಸುಳ್ಳು ಸುದ್ದಿ ಹರಡಿ ಸಾರ್ವಜನಿಕ ನೆಮ್ಮದಿಗೆ ಭಂಗ ತಂದದ್ದು. ಆರೋಪಿ: ಅಪರಿಚಿತ.

ಆದರೆ ದನಿ ಯಾರಿಗೂ ಅಪರಿಚಿತವಾಗಿರಲಿಲ್ಲ. ರೈಲು ನಿಲ್ದಾಣದ ಪ್ರಕಟಣಾ ಯಂತ್ರದಲ್ಲಿ ದಿನವಿಡೀ ಕೇಳುವ ದನಿಯೇ ಅದು. ಯಂತ್ರದ ಮಾತುಗಳನ್ನೇ ಕತ್ತರಿಸಿ ಯಾರೋ ಅಂಟಿಸಿರಬೇಕು. ಹಾಗಾಗಿ ಮೊದಲ ಅನುಮಾನ ಯಂತ್ರದ ಬೀಗದ ಕೈ ಇಟ್ಟುಕೊಂಡಿದ್ದ ಮೆಕ್ಯಾನಿಕ್ ಮೇಲೆ ಹೋಯಿತು.

ಮೆಕ್ಯಾನಿಕ್ ನಿಲ್ದಾಣದ ಪ್ರಕಟಣಾ ಕೋಣೆಯಲ್ಲಿಯೇ ಸಿಕ್ಕ. ಸಮಯ 12.50.

"ಸಾರ್, ಇದರ ಹೊಟ್ಟೇಲಿರೋದು ಊರುಗಳ ಹೆಸರು, ಅಂಕಿಗಳು, ಹನ್ನೊಂದು ವಾಕ್ಯ. ಅಷ್ಟೇ. ಮೇಲ್ಸೇತುವೆ ಅನ್ನೋ ಮಾತನ್ನ ನಾನೆಲ್ಲಿಂದ ತರ್ಲಿ? ನಗರಸಭೆಯವರಿಗೇ ತರೋಕಾಗಿಲ್ಲ."

ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಕಿವಿಯಿಂದ ಇಯರ್‌ಫೋನ್ ತೆಗೆದಳು. "ಸಾರ್, ಯಂತ್ರ ಗುಂಡಿ ಒತ್ತಿದ ತಕ್ಷಣ ಮಾತಾಡುತ್ತೆ. ಈ ತುಣುಕುಗಳಲ್ಲಿ ನಾಲ್ಕಕ್ಕೆ ನಾಲ್ಕರಲ್ಲೂ ಮೊದಲು ಎರಡು ಸೆಕೆಂಡು ಮೌನ. ಆಮೇಲೆ ಒಂದು ಉಸಿರು."

ಹೆಡ್ ಕಾನ್‌ಸ್ಟೇಬಲ್ಲರ ನಗು ನಿಂತಿತು.

"ಹಳೇ ಮೈಕು," ಎಂದರು. "ಸ್ವಿಚ್ ಹಾಕಿದ ಮೇಲೆ ಅದಕ್ಕೆ ಎಚ್ಚರ ಆಗೋಕೆ ಎರಡು ಸೆಕೆಂಡು ಬೇಕಿತ್ತು. ಅವಸರ ಮಾಡಿದ್ರೆ 'ಪ್ರಯಾ' ನುಂಗಿಬಿಟ್ಟು 'ಣಿಕರ ಗಮನಕ್ಕೆ' ಅಂತಿತ್ತು. ಬೇರೆಯವರೆಲ್ಲ ನುಂಗಿಸಿದ್ದಾರೆ. ಮೈಕಕ್ಕ ಮಾತ್ರ ಎರಡು ಸೆಕೆಂಡು ಕಾದು, ಉಸಿರೆಳ್ಕೊಂಡೇ ಶುರು ಮಾಡೋರು. ಒಂದು ದಿನಾನೂ ನುಂಗಿಸ್ಲಿಲ್ಲ."

ಮೈಕಕ್ಕ ಮೂವತ್ತೊಂದು ವರ್ಷ ಈ ಕೋಣೆಯಲ್ಲಿ ಕೂತು ಗಾಡಿಗಳನ್ನು ಕರೆದ ಹೆಂಗಸು. ಆರು ವರ್ಷದ ಹಿಂದೆ ನಿವೃತ್ತಿಯ ವಾರ ಆಕೆಯ ದನಿಯನ್ನು ತುಂಡುತುಂಡಾಗಿ ಯಂತ್ರಕ್ಕೆ ತುಂಬಿಸಿಕೊಂಡು, ಹಾರ ಹಾಕಿ ಕಳಿಸಿಕೊಟ್ಟಿದ್ದರು.

ಪಂಚನಾಮೆ ಮುಗಿಸಿ ಮೂವರೂ ಪ್ಲಾಟ್‌ಫಾರ್ಮಿನಲ್ಲಿ ನಡೆದರು. ಹೆಡ್ ಕಾನ್‌ಸ್ಟೇಬಲ್ ಮಾತಿಗಿಳಿದರು. "ನನ್ನ ಮದುವೆ ದಿನ ಹೆಣ್ಣಿನ ಕಡೆಯವರ ಗಾಡಿ ಎರಡು ಗಂಟೆ ತಡ ಅಂತ ಅಕ್ಕಾನೇ ಹೇಳಿದ್ದು. ಎರಡು ಸಲ ಹೇಳಿದ್ರು. ನನಗೇ ಅರ್ಥವಾಗ್ಲಿಲ್ಲ."

ಇನ್‌ಸ್ಪೆಕ್ಟರ್ ನಕ್ಕರು. ಮೊದಲ ಪೋಸ್ಟಿಂಗಿಗೆ ಈ ಊರಿಗೆ ಬಂದ ಬೆಳಗ್ಗೆ ಅವರು ಬೋಗಿಯಲ್ಲಿ ಗಾಢ ನಿದ್ದೆಯಲ್ಲಿದ್ದರು. ಹೊರಗಿನಿಂದ ಒಂದು ದನಿ, ಅವಸರವಿಲ್ಲದೆ, ನಾಲ್ಕನೇ ಬೋಗಿಯ ಕಿಟಕಿಗೆ ತಲೆಯಾನಿಸಿರುವವರನ್ನು ಪಕ್ಕದವರು ಎಬ್ಬಿಸಬೇಕೆಂದು ಕೋರಿತ್ತು. ಆಗ ಈ ಕಂಬಗಳಿಗೆ ಹಸಿರು ಬಣ್ಣವಿತ್ತು. ಗಾಡಿ ಹೊರಟ ಮೇಲೂ ಜನ ಸ್ವಲ್ಪ ಹೊತ್ತು ನಿಂತಿರುತ್ತಿದ್ದರು, ಆಕೆ ಇನ್ನೇನಾದರೂ ಹೇಳಿಯಾಳೆಂದು. ಫೋನಿನ ತುಣುಕಿನ ಕೆಳಗೆ ಯಾರೋ ಬರೆದಿದ್ದರು: 'ಈ ಅಕ್ಕ ಉಸಿರಾಡೋದು ಕೇಳಿ ಆರು ವರ್ಷ ಆಗಿತ್ತು.'

"ಸಾರ್," ಎಂದಳು ಮಹಿಳಾ ಕಾನ್‌ಸ್ಟೇಬಲ್. "ತಮಾಷೆ ಮಾಡೋದು ಅಪರಾಧನಾ?"

"ತಮಾಷೆಗೆ ಕಲಂ ಇಲ್ಲ. ಸೋಗಿಗೆ ಇದೆ."

"ತನ್ನ ದನೀನೇ ತಾನು ಸೋಗು ಹಾಕೋಕಾಗುತ್ತಾ?"

ಇನ್‌ಸ್ಪೆಕ್ಟರ್ ಜೀಪಿನ ಬಾಗಿಲು ತೆಗೆದರು.

ನಿಲ್ದಾಣದ ಹಿಂದಿನ ಬೀದಿ, ಮಹಡಿ ಮನೆ, 3.10. ಬಾಗಿಲು ತೆರೆದದ್ದು ಮೈಕಕ್ಕನ ತಮ್ಮನ ಹೆಂಡತಿ. ಖಾಕಿ ನೋಡಿ ಒಳಗೆ ತಿರುಗಿದಳು. "ಅತ್ತಿಗೆ, ನಿಮ್ಮ ಗಾಡಿ ಬಂತು. ನಾನು ಬಡ್ಕೊಂಡೆ, ಕೇಳಿದ್ರಾ?"

ಮೈಕಕ್ಕ ಕನ್ನಡಕ ಒರೆಸುತ್ತ ಬಂದರು. ಗಿಡ್ಡ ಹೆಂಗಸು. ಆ ದನಿಗೆ ಇಷ್ಟು ಚಿಕ್ಕ ಮೈಯೇ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು.

"ಇದು ನಿಮ್ಮ ದನೀನಾ?"

"ಹೌದು."

"ಖಾತೆ?"

"ಅದೂ ನಂದೇ."

"ಯಾರು ಹೇಳ್ಕೊಟ್ರು?"

"ನನಗೆ ಮೈಕ್ ಮುಂದೆ ಹೇಳ್ಕೊಡೋರು ಯಾರಪ್ಪಾ?"

"ಒಂಬತ್ತು ವರ್ಷ ಅನ್ನೋದು ಸುಳ್ಳಂತೆ. ಎಂಟು ವರ್ಷ ಏಳು ತಿಂಗಳಂತೆ."

"ಬರೋ ಹೊತ್ತಿಗೆ ಒಂಬತ್ತಾಗುತ್ತೆ. ನಾವು ಯಾವತ್ತೂ ಸ್ವಲ್ಪ ಸೇರಿಸಿಯೇ ಹೇಳೋದು."

"ಜೈಲಿಗೆ ಹಾಕ್ತೀರಾ?" ತಮ್ಮನ ಹೆಂಡತಿ ಕೇಳಿದಳು. ಉತ್ತರಕ್ಕೆ ಕಾಯದೆ ಅತ್ತಿಗೆಯ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಫೋನ್ ವಶಕ್ಕೆ ಪಡೆದು ಪಂಚನಾಮೆ ಬರೆದದ್ದು 3.45ಕ್ಕೆ. ಬಂಧನ 4.05ಕ್ಕೆ. ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಎದುರಿನ ಕುರ್ಚಿ ತೋರಿಸಿದರು.

"ನೋಡಿ ಅಮ್ಮಾ, ನಾಳೆ ಹತ್ತೂವರೆಗೆ ಕೋರ್ಟು. ಜಾಮೀನು ಸಿಗ್ಲಿಲ್ಲ ಅಂದ್ರೆ ಜೈಲು. ಅಧ್ಯಕ್ಷರ ಜೊತೆ ನಾನು ಮಾತಾಡಿದೀನಿ. ನೀವು ಇದೇ ದನೀಲಿ ಒಂದು ಕ್ಷಮಾಪಣೆ ಹೇಳಿ ಹಾಕಿಬಿಟ್ರೆ ಅವರು ದೂರು ಬಿಡ್ತಾರೆ."

ಮೈಕಕ್ಕ ಮಡಿಲಿನ ಚೀಲವನ್ನು ಸರಿಮಾಡಿಕೊಂಡರು.

"ಹಳಿ ಆಚೆ ಟೈಲರ್ ಅಂಗಡಿ ಇತ್ತಲ್ಲ," ಎಂದರು. "ಅವರು ದಾಟೋದು ಕೋಣೆಯ ಕಿಟಕಿಯಿಂದ ಕಾಣ್ತಿತ್ತು. 'ಟೈಲರಣ್ಣಾ, ಅಲ್ಲೇ ನಿಂತ್ಕೊಳ್ಳಿ' ಅಂತ ಮೈಕಲ್ಲೇ ಬೈತಿದ್ದೆ. ನಿಂತ್ಕೊಂಡು ಕೈ ಎತ್ತೋರು. ಯಂತ್ರಕ್ಕೆಲ್ಲಿ ಕಣ್ಣು? ಹೋದ ತಿಂಗಳು ಮೂರನೇ ತಾರೀಖು ಗಾಡಿಗೆ ಸಿಕ್ಕಿಬಿಟ್ರು."

"ಗೊತ್ತು," ಎಂದರು ಇನ್‌ಸ್ಪೆಕ್ಟರ್. ಆ ಪಂಚನಾಮೆಯನ್ನೂ ಅವರೇ ಬರೆದಿದ್ದರು.

"ನಲವತ್ತು ನಿಮಿಷ ಗಾಡಿ ನಿಂತಿತ್ತು. ಮನೇಲಿ ಕೂತಿದ್ದೆ. ನನ್ನ ದನಿ ಎಂಟು ಸಲ ಹೇಳ್ತು, ಗಾಡಿ ತಡವಾಗಿದೆ, ಉಂಟಾದ ಅಡಚಣೆಗೆ ವಿಷಾದಿಸುತ್ತೇವೆ ಅಂತ. ಅಡಚಣೆ ಅಂದ್ರೆ ಟೈಲರಣ್ಣ."

ಹೊರಗೆ ಟೈಪಿಂಗ್ ನಿಂತಿತು. ಇನ್‌ಸ್ಪೆಕ್ಟರ್ ತಮ್ಮದೇ ಫೋನ್ ತೆಗೆದು ರೆಕಾರ್ಡಿಂಗ್ ತೆರೆದು ಮೇಜಿನ ಮೇಲೆ ಆಕೆಯ ಕಡೆ ಸರಿಸಿದರು.

"ಎರಡೇ ಸಾಲು ಸಾಕು. 'ವಿಷಾದಿಸುತ್ತೇನೆ' ಅಂದ್ಬಿಡಿ. ಕತ್ತಲಾಗೋದ್ರೊಳಗೆ ಮನೇಲಿರ್ತೀರಿ."

"ಹೇಳಲ್ಲ," ಎಂದರು ಮೈಕಕ್ಕ.