ಎಂಟನೆಯ ಕೈ

ಒಂಬತ್ತು ದಿನ ವರ್ನೀಟಾಳ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಅಮೆರಿಕದ ಮೆಂಫಿಸ್ ಕೋರ್ಟಿನಲ್ಲಿ ಜ್ಯೂರಿಯಾಗಿ ಕೂತವರು ತೀರ್ಪಿನ ಚರ್ಚೆಗೆ ಮುಂಚೆ ಕೇಸಿನ ಬಗ್ಗೆ ತುಟಿ ಬಿಚ್ಚುವ ಹಾಗಿಲ್ಲ. ಹಾಗಾಗಿ ನಾವು ಮಾತಾಡಿದ್ದೆಲ್ಲ ಬೇರೆಯೇ: ಅವಳು ಕೆಲಸ ಮಾಡುವ ಶಾಲೆಯ ಲೈಬ್ರರಿ, ನನ್ನ ಲಿಫ್ಟ್ ರಿಪೇರಿ ಕೆಲಸ, ಅಲಸಂದೆ ಕಾಳಿಗೆ ಹಂದಿಮಾಂಸ ಹಾಕಬೇಕೋ ಬೇಡವೋ. ನಲವತ್ತಾರರ ವಯಸ್ಸಿನಲ್ಲಿ ಬೆಳಗಾಗುವುದನ್ನೇ ಕಾಯುವ ಹುಚ್ಚು ಹಿಡಿದಿತ್ತು ನನಗೆ.

ಹತ್ತನೆಯ ದಿನ ನಮ್ಮನ್ನು ಒಳಗೆ ಬಿಟ್ಟು ಚರ್ಚೆಯ ಕೋಣೆಯ ಬಾಗಿಲು ಹಾಕಿದರು. ಬ್ರೆಡ್ ಕಾರ್ಖಾನೆಯ ಡೊರೇತಾ, ನಮ್ಮಿಬ್ಬರಂತೆಯೇ ಕಪ್ಪು ಜನಾಂಗದವಳು, ಹದಿನಾಲ್ಕು ವರ್ಷ ದುಡಿದರೂ ಸೂಪರ್‌ವೈಸರ್ ಆಗಲಿಲ್ಲ. ಕಪ್ಪು ಹೆಂಗಸು ಅಂತಲೇ ತಡೆದರು ಎನ್ನುವುದು ಅವಳ ದೂರು. ನಾವು ಎಂಟೂ ಜನ ಒಪ್ಪದೆ ಅವಳು ಗೆಲ್ಲುವಂತಿರಲಿಲ್ಲ.

ಏಳು ಕೈ ಎದ್ದವು. ನನ್ನದು ಏಳಲಿಲ್ಲ.

"ಯಾಕ್ರೀ ಕ್ಲೀವನ್?" ವರ್ನೀಟಾ ಕನ್ನಡಕ ಮೂಗಿನ ತುದಿಗೆ ಜಾರಿಸಿ ನೋಡಿದಳು.

"ಕಪ್ಪು ಜನಕ್ಕೆ ಬಡ್ತಿ ಕೊಟ್ಟಿದಾರಲ್ರೀ. ಹೆಂಗಸರಿಗೂ ಕೊಟ್ಟಿದಾರೆ. ಇನ್ನೆಲ್ಲಿ ಭೇದ?"

ಅವಳ ಮುಖ ಬಾಡಿತು. ಅದನ್ನು ನೋಡಲಾಗದೆ ಅಂದೆ, "ಹೋಗ್ಲಿ ಬಿಡಿ, ನಿಮಗೋಸ್ಕರ ಕೈ ಎತ್ತೀನಿ."

"ಎತ್ತಿ ನೋಡಿ!" ಮೇಜು ಕುಟ್ಟಿದಳು. "ನನ್ನ ಮುಖ ನೋಡಿ ಎತ್ತೋ ಕೈ ಡೊರೇತಾಗೆ ಬೇಡ. ನನಗಂತೂ ಬೇಡವೇ ಬೇಡ. ಕಂಪನಿ ಕೋರ್ಟಿಗೆ ಕೊಟ್ಟ ಆ ಫೋಟೋ ಹಾಳೆ ತಗೊಳ್ಳಿ, ನೀವೇ ನೋಡಿ."

ಹನ್ನೊಂದು ವರ್ಷಗಳಲ್ಲಿ ಬಡ್ತಿ ಪಡೆದ ಇಪ್ಪತ್ತಾರು ಜನರ ಫೋಟೋಗಳು. ಒಂದೊಂದರ ಮೇಲೂ ಬೆರಳಿಟ್ಟೆ. ಬಿಳಿ ಗಂಡಸು. ಬಿಳಿ ಹೆಂಗಸು. ಕಪ್ಪು ಗಂಡಸು. ಕೊನೆ ಮುಟ್ಟಿ ಮತ್ತೆ ಮೊದಲಿನಿಂದ ಬಂದೆ. ಇವರಲ್ಲಿ ಐವರಿಗೆ ಕೆಲಸ ಕಲಿಸಿದ್ದು ಡೊರೇತಾ ಅಂತ ಕಂಪನಿಯೇ ಒಪ್ಪಿತ್ತು. ಆದರೆ ಅವಳಂಥ ಕಪ್ಪು ಹೆಂಗಸಿನ ಒಂದು ಮುಖವೂ ಅಲ್ಲಿರಲಿಲ್ಲ.

ಅಬ್ಬಾ, ಎಂಥ ಕುರುಡ ನಾನು!

"ಇಷ್ಟು ದಿನ ನಾನು ಹುಡುಕಿದ್ದು ನನ್ನಂಥ ಮುಖಗಳನ್ನ, ವರ್ನೀಟಾ," ಅಂದೆ. "ನಾಲ್ಕು ಸಿಕ್ಕವು. ಅಷ್ಟಕ್ಕೇ ಖುಷಿಯಾಗಿ ಸುಮ್ನಾಗಿಬಿಟ್ಟೆ."

ನನ್ನ ಕೈ ಎದ್ದಿತು. ವರ್ನೀಟಾ ಇದನ್ನು ಎಂದೋ ಕಂಡಿದ್ದಳು. ಕಂಡೂ, ನಿಯಮ ಮುರಿಯದೆ, ಒಂಬತ್ತೂ ದಿನ ನನ್ನ ಜೊತೆ ಅಡುಗೆ ಮಾತಾಡಿದ್ದಳು. ಆ ಹೆಣ್ಣಿನ ಮುಂದೆ ಎದ್ದು ನಿಲ್ಲಬೇಕೆನಿಸಿತು. ಪ್ರೀತಿಯಲ್ಲಿ ಇಷ್ಟೊಂದು ಬೆರಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ತೀರ್ಪು ಓದಿದಾಗ ಡೊರೇತಾ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಮ್ಮ ಕೆಲಸ ಮುಗಿಯಿತು. ಹೊರಗೆ ಬಸ್ ನಿಲ್ದಾಣದವರೆಗೆ ವರ್ನೀಟಾಳ ಜೊತೆ ನಡೆದೆ, ಅಲ್ಲೇ ನಿಂತೆ. ಬಸ್ಸುಗಳು ಬಂದವು, ಹೋದವು; ನಾನು ಅಲ್ಲಿ ಅಂಟಿಸಿದ್ದ ವೇಳಾಪಟ್ಟಿಯನ್ನೇ ಮತ್ತೆ ಮತ್ತೆ ಓದಿದೆ.

"ಇನ್ನು ಏನು ಬೇಕಾದ್ರೂ ಮಾತಾಡಬಹುದಂತೆ," ಅಂದೆ ಕೊನೆಗೆ.

"ಮಾತಾಡಿ ಮತ್ತೆ."

"ನಾಳೆಯಿಂದ ನೀವು ಪಕ್ಕದಲ್ಲಿ ಇರಲ್ಲ ಅನ್ನೋದು ತಡ್ಕೊಳ್ಳಕ್ಕಾಗ್ತಿಲ್ಲ ಕಣ್ರೀ. ನೀವಂದ್ರೆ ಪ್ರಾಣ ನಂಗೆ."

ಅವಳು ತಲೆ ಕೊಡವಿ ನಕ್ಕಳು. ಕಣ್ಣಂಚು ಒದ್ದೆಯಾಗಿತ್ತು.

"ನನ್ನ ಬಸ್ಸು ಎರಡು ಹೋದ್ವು ಕಣೋ," ಅಂದಳು. "ನಾನ್ಯಾಕೆ ಇನ್ನೂ ಇಲ್ಲೇ ನಿಂತಿದೀನಿ ಅನ್ಕೊಂಡೆ?"