ಅದೇ ಪುಡಿ ಇಟ್ಟು ಹೋದ ಕಳ್ಳ

"ಚಿನ್ನ ಕದ್ದ ಕಳ್ಳ ಆ ಜಾಗದಲ್ಲಿ ಚಿನ್ನವನ್ನೇ ಇಟ್ಟು ಹೋಗ್ತಾನಾ? ನೀವೇ ಹೇಳಿ," ಎಂದರು ಆ ವಯಸ್ಸಾದ ವಿಜ್ಞಾನಿ. ಕೇಳಿದ್ದು ಅತ್ತಿಗೆಯನ್ನು. ತಬ್ಬಿಬ್ಬಾದದ್ದು ಮಾತ್ರ ಪಕ್ಕದಲ್ಲಿ ಕೂತಿದ್ದ ಮೈದುನ.

ಅತ್ತಿಗೆ ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಮೈದುನನ ಔಷಧದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಬಿಡಿಸಲಾಗದ ಗಂಟು ಯಾರ ಕೈಯಲ್ಲಿ ಉಳಿದರೂ ಅವರು ಆ ಮೆಟ್ಟಿಲು ಹತ್ತುತ್ತಿದ್ದರು. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಅತ್ತಿಗೆಯ ಬಾಲ ಹಿಡಿದು ಹೊರಡುವುದು ಮೈದುನನಿಗೆ ಅಂಟಿದ ಚಟ. ಹೆಂಡತಿ ಬೈಯುವುದನ್ನೂ ಬಿಟ್ಟಿದ್ದಳು.

"ಬಿಡಿಸಿ ಹೇಳಿ ಮೇಡಂ. ಅರ್ಥ ಆಗದಿದ್ರೆ ಇವನು ದಾರಿಯುದ್ದಕ್ಕೂ ನನ್ನ ತಲೆ ತಿಂತಾನೆ," ಎಂದರು ಅತ್ತಿಗೆ.

ವಿಜ್ಞಾನಿ ನಗಲಿಲ್ಲ. "ಜೀವಕೋಶದ ಮೈಮೇಲೆ ಗ್ರಾಹಕಗಳು ಅಂತ ಇರ್ತವೆ. ಬಾಗಿಲ ಕರೆಗಂಟೆ ಅಂದ್ಕೊಳ್ಳಿ. ಸರಿಯಾದ ಪೆಪ್ಟೈಡ್ ಬಂದು ಒತ್ತಿದ್ರೆ ಒಳಗೆ ಸುದ್ದಿ ಹೋಗುತ್ತೆ. ಪೆಪ್ಟೈಡ್ ಅಂದ್ರೆ ಅಮೈನೋ ಆಮ್ಲದ ಮಣಿಗಳನ್ನ ಪೋಣಿಸಿದ ಪುಟ್ಟ ಸರ. ನೋವನ್ನ ತಗ್ಗಿಸೋ ಗ್ರಾಹಕ ಒಂದಿದೆ. ಅದನ್ನ ಒತ್ತೋ ಸರ ಇದೇ ಅಂತ ತೋರಿಸಿದವಳು ನಾನು. ಇಡೀ ಜೀವಮಾನ ಅದೊಂದೇ ಕೆಲಸ ಮಾಡಿದ್ದೀನಿ."

ಆ ಸರವನ್ನು ಮೊದಲ ಸಲ ಪೋಣಿಸಿ ಕೊಟ್ಟವನು ಅವರ ತಮ್ಮ. ತಾಯಿಯಿಲ್ಲದ ಅವನನ್ನು ಸಾಕಿ, ಓದಿಸಿ, ತಮ್ಮ ಸಂಸ್ಥೆಯಲ್ಲೇ ಪೆಪ್ಟೈಡ್ ತಯಾರಿಸುವ ಕೆಲಸಕ್ಕೆ ಹಚ್ಚಿದ್ದರು. ಒಂದು ಪ್ರಯೋಗಕ್ಕೆ ಕಣ್ಣಿಗೆ ಕಾಣದಷ್ಟು ಪುಡಿ ಸಾಕು. ಹಾಗಾಗಿ ಅಂದು ಮಾಡಿದ ಒಂದೇ ಸೀಸೆ ಇಂದಿನವರೆಗೂ ಬಂದಿತ್ತು. ಬೇರೆ ದೇಶದ ವಿಜ್ಞಾನಿಗಳು ತಾವೇ ಮಾಡಿಕೊಂಡ ಪುಡಿ ಕೆಲಸ ಮಾಡದೆ, ನಿಮ್ಮ ಮೊದಲ ಸೀಸೆಯಿಂದ ಒಂದು ಚಿಟಿಕೆ ಕಳಿಸಿ ಎಂದು ಕೇಳಿದ್ದರು. ಕಳಿಸುವ ಮುಂಚೆ ವಿಜ್ಞಾನಿ ಒಮ್ಮೆ ಪರೀಕ್ಷಿಸಿದರು. ಕೋಶಗಳು ಕಮಕ್ ಕಿಮಕ್ ಅನ್ನಲಿಲ್ಲ.

"ಹಿಂದಿನ ವಾರವಷ್ಟೇ ನನ್ನ ಹುಡುಗಿ, ನನ್ನ ಸಂಶೋಧನಾ ವಿದ್ಯಾರ್ಥಿನಿ, ನೋಡಿದಾಗ ಚೆನ್ನಾಗಿ ಕೆಲಸ ಮಾಡಿತ್ತು. ಯಾರೋ ಪುಡಿ ಬದಲಾಯಿಸಿದ್ದಾರೆ ಅಂದೆ. ಪರೀಕ್ಷೆ ಮಾಡೋ ಯಂತ್ರದಲ್ಲಿ ಹಾಕಿದ್ರೆ ಅದೇ ಪೆಪ್ಟೈಡ್! ಅಣುವಿನ ತೂಕ ಕೂಡ ಸರಿ. ಕಳವೇ ಆಗಿಲ್ಲ, ಹುಡುಗಿ ಸುಳ್ಳು ಫಲಿತಾಂಶ ಬರೆದಿದ್ದಾಳೆ ಅಂತಾರೆ ನಿರ್ದೇಶಕರು. ನಾಳೆ ಅವಳನ್ನ ಹೊರಗೆ ಹಾಕ್ತಾರೆ. ಆಮೇಲೆ ಯಾರೂ ಅವಳಿಗೆ ಲ್ಯಾಬಿನ ಹೊಸ್ತಿಲು ತುಳಿಯೋಕೆ ಬಿಡಲ್ಲ."

"ನಿಮ್ಮ ಹೆಸರಿಗೂ ಮಸಿ ಅಲ್ವಾ?" ಎಂದರು ಅತ್ತಿಗೆ.

"ನನ್ನದು ಮುಗಿಯೋ ಹೊತ್ತು. ಅವಳದು ಈಗ ಶುರು."

ಮೂವರೂ ಲ್ಯಾಬಿಗೆ ಬಂದಾಗ ಅಲ್ಲಿನ ಗಾಳಿಯಲ್ಲಿ ಸ್ಪಿರಿಟ್ಟಿನ ವಾಸನೆ ಇತ್ತು. ಆಳೆತ್ತರದ ಫ್ರೀಜರುಗಳು ಒಂದೇ ಸಮನೆ ಗೊಣಗುತ್ತಿದ್ದವು. ಕಿಟಕಿಯಾಚೆ ಎದುರು ಕಟ್ಟಡದ ಬರಿ ಗೋಡೆ. ಇಂಥ ಜಾಗದಲ್ಲಿ ಒಂದು ಆಯುಷ್ಯವೇ ಕಳೆಯಿತಲ್ಲ ಎಂದು ಮೈದುನನಿಗೆ ಸಂಕಟವಾಯಿತು. ಫ್ರೀಜರಿನ ಬೀಗದ ಕೈ ಇದ್ದದ್ದು ವಿಜ್ಞಾನಿ, ಅವರ ತಮ್ಮ, ಹುಡುಗಿ, ನಿರ್ದೇಶಕರು, ಈ ನಾಲ್ವರ ಬಳಿ ಮಾತ್ರ.

ನಿರ್ದೇಶಕರು ಲೋಹಶಾಸ್ತ್ರದವರು. ಈ ಲ್ಯಾಬನ್ನು ತೆರವು ಮಾಡಿಸಿ ತಮ್ಮವರಿಗೆ ಕೊಡುವ ಆಸೆ ಅವರಿಗಿತ್ತು. ಅದನ್ನು ಮುಚ್ಚಿಡುವಷ್ಟು ನಾಜೂಕು ಇರಲಿಲ್ಲ. "ಆ ಸೀಸೆ ಸ್ವಲ್ಪ ತೆಗೆದು ತೋರಿಸ್ತೀರಾ ಸರ್?" ಎಂದು ಅತ್ತಿಗೆ ಕೇಳಿದ್ದೇ ತಡ, ಅವರು ಫ್ರೀಜರಿನಿಂದ ಅದನ್ನು ಎತ್ತಿ ಮುಚ್ಚಳಕ್ಕೆ ಕೈ ಹಾಕಿದರು.

"ಅಯ್ಯೋ ಬೇಡಿ ಸರ್!" ಎಂದು ಹುಡುಗಿ ಕೂಗಿದಳು. ಅತ್ತು ಅವಳ ಕಣ್ಣು ಊದಿತ್ತು. "ತಣ್ಣಗಿರುವಾಗ ತೆಗೆದ್ರೆ ಗಾಳಿಯ ತೇವ ಒಳಗೆ ಹೋಗಿ ಪುಡಿ ಮುದ್ದೆಯಾಗುತ್ತೆ. ಹೊರಗಿಟ್ಟು ಕೋಣೆಯ ಬಿಸಿಗೆ ಬರೋವರೆಗೂ ಕಾಯ್ಬೇಕು."

ನಿರ್ದೇಶಕರು ಮುಖ ಕೆಂಪಗೆ ಮಾಡಿಕೊಂಡು ಸೀಸೆ ಕೆಳಗಿಟ್ಟರು. ಅತ್ತಿಗೆ ಗಾಜಿನಾಚೆಯಿಂದಲೇ ನೋಡಿದರು. ಪುಡಿ ಹಿಂಜಿದ ಹತ್ತಿಯಂತೆ ಬೆಳ್ಳಗೆ, ಒಣಒಣವಾಗಿತ್ತು.

ಆಮೇಲೆ ಹುಡುಗಿಯನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿಕೊಂಡು, "ಇತ್ತೀಚೆಗೆ ಲ್ಯಾಬಿಗೆ ಹೊರಗಿನವರು ಯಾರಾದ್ರೂ ಬಂದಿದ್ರಾ?" ಎಂದು ಕೇಳಿದರು.

"ಯಾರೂ ಇಲ್ಲ. ಮಾಮ ಬರ್ತಾರೆ, ಮೇಡಂ ತಮ್ಮ. ಅವರು ದಿನಾ ಬಂದು ಕೂರ್ತಾರೆ, ಅವರೇನು ಹೊರಗಿನವರಾ?" ಹುಡುಗಿ ಮೂಗೊರೆಸಿಕೊಂಡಳು. "ಪಾಪ, ಈಚೆಗೆ ಮಂಕಾಗಿದ್ದಾರೆ. ಹೋದ ತಿಂಗಳು ಹೆಸರಿಲ್ಲದ ಪುಡಿಯೊಂದನ್ನ ಕೊಟ್ಟು, ಕೋಶದ ಮೇಲೆ ಹಾಕಿ ನೋಡಮ್ಮ ಅಂದ್ರು. ಏನೂ ಆಗಲಿಲ್ಲ ಮಾಮ ಅಂದೆ. ಹಾಗೇ ಎದ್ದು ಹೋದ್ರು."

ಮಾಮ ತಮ್ಮ ಕೋಣೆಯಲ್ಲಿ ಯಂತ್ರದ ಮುಂದೆ ಕುಗ್ಗಿ ಕೂತಿದ್ದರು. ತಲೆ ಪೂರ್ತಿ ನರೆತಿತ್ತು. ಸೀಸೆಯ ಪುಡಿಯನ್ನು ಪರೀಕ್ಷಿಸಿದ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ನೆಟ್ಟಗೆ ಮೇಲೆದ್ದ ಒಂದೇ ಒಂದು ಗೆರೆ.

"ಬೇರೆ ಏನಾದ್ರೂ ಬೆರೆತಿದ್ರೆ?" ಎಂದು ಮೈದುನ ಕೇಳಿದ.

"ಅದಕ್ಕೊಂದು ಬೇರೆ ಗೆರೆ ಬರ್ತಿತ್ತು. ಸರ ಹಳತಾಗಿ ಕಡಿದು ಹೋಗಿದ್ರೆ ತುಂಡುಗಳ ಗೆರೆಗಳು."

"ಹಾಗಾದ್ರೆ ಯಾಕೆ ಕೆಲಸ ಮಾಡ್ತಿಲ್ಲ?"

"ಹಳೇದಲ್ವಾ ಸ್ವಾಮಿ, ಕೆಟ್ಟಿರುತ್ತೆ. ಅದಕ್ಕೆ ಯಾರನ್ನ ದೂರಿ ಏನು ಪ್ರಯೋಜನ?" ಮಾಮ ಪರದೆ ಆರಿಸಿದರು.

ಹೊರಗೆ ಬಂದ ಅತ್ತಿಗೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಗಂಟು ಬಿಚ್ಚಿದ ದಿನ ಅವರು ಮೈದುನನನ್ನು ಛೇಡಿಸಿ ಗೋಳು ಹೊಯ್ದುಕೊಳ್ಳುತ್ತಿದ್ದರು. ಇವತ್ತು ಆ ಸುಳಿವೇ ಇಲ್ಲ. "ಗೊತ್ತಾಯ್ತು ಕಣಯ್ಯ," ಎಂದರು. "ಗೊತ್ತಾಗದೆ ಇದ್ದಿದ್ರೆ ಚೆನ್ನಾಗಿತ್ತು. ಆದ್ರೆ ಆ ಹುಡುಗಿಯ ಬಾಳು ಇದೆಯಲ್ಲ. ಎಲ್ಲರನ್ನೂ ಕರಿ."

ಎಲ್ಲರೂ ಲ್ಯಾಬಿನ ಉದ್ದನೆಯ ಮೇಜಿನ ಸುತ್ತ ಸೇರಿದರು. ಅತ್ತಿಗೆ ಮೊದಲು ವಿಜ್ಞಾನಿಯ ಕಡೆ ತಿರುಗಿ, "ಹೇಳಲಾ ಮೇಡಂ? ನಿಮಗೆ ನೋವಾಗುತ್ತೆ," ಎಂದರು.

"ಹೇಳಿ."

"ಸೀಸೆ ತೆಗೆದವರು ಅದು ಬಿಸಿಯಾಗೋವರೆಗೂ ಕಾದಿದ್ದಾರೆ. ಇಲ್ಲದಿದ್ರೆ ಪುಡಿ ಮುದ್ದೆಯಾಗಿರೋದು. ನಿರ್ದೇಶಕರಿಗೆ ಆ ವಿದ್ಯೆ ಗೊತ್ತಿಲ್ಲ, ನಾವೇ ನೋಡಿದ್ವಿ. ಹುಡುಗಿಗೆ ಗೊತ್ತು. ಆದ್ರೆ ಅವಳು ಸುಳ್ಳು ಬರೆದಿದ್ರೆ, ಕೆಲಸ ಮಾಡದ ಪುಡಿಯನ್ನ ತಾನೇ ತಂದಿಟ್ಟು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಳ್ತಾಳಾ?"

"ಪುಡಿ ಬದಲಾಗಿದೆ ಅನ್ನೋದಕ್ಕೆ ಏನು ಆಧಾರ?" ಎಂದರು ನಿರ್ದೇಶಕರು.

"ಅದು ತೀರಾ ಚೊಕ್ಕಟವಾಗಿದೆ. ಅಷ್ಟು ವರ್ಷದ ಪುಡಿಯಲ್ಲಿ ಕಡಿದ ಒಂದು ತುಂಡೂ ಇಲ್ಲ, ಒಂದೇ ಗೆರೆ. ಅದನ್ನ ಮಾಡಿದವರ ತಲೆ ನರೆತಿದೆ, ಪುಡಿ ಮಾತ್ರ ಇನ್ನೂ ಮದುಮಗಳು! ಕೆಟ್ಟಿದ್ರೆ ತುಂಡುಗಳು ಕಾಣ್ಬೇಕು ಅಂತ ಹೇಳಿದವರೇ, ಮರುಕ್ಷಣ ಕೆಟ್ಟಿರುತ್ತೆ ಬಿಡಿ ಅಂದ್ರು." ಅತ್ತಿಗೆಯ ದನಿ ತಗ್ಗಿತು. "ಇದು ನಿಮಗೂ ಹೊಳೀಬೇಕಿತ್ತು ಮೇಡಂ. ಮನಸ್ಸೇ ಬೇಡ ಅಂತ ಪಕ್ಕಕ್ಕೆ ತಳ್ಳಿರ್ಬೇಕು."

ಯಾರೂ ಮಾಮನ ಕಡೆ ನೋಡಲಿಲ್ಲ. ಮಾಮ ತಾವೇ ತಲೆ ಎತ್ತಿದರು.

"ಈ ಹೊಸ ಯಂತ್ರ ಬಂದ ಮೇಲೆ ಅದೇ ಸರವನ್ನ ಮಾಡಿ, ಅದರಲ್ಲೇ ಸೋಸಿ ಚೊಕ್ಕ ಮಾಡಿದೆ ಅಕ್ಕ. ಈ ಮಗು ಕೈಲಿ ಪರೀಕ್ಷೆ ಮಾಡಿಸಿದೆ. ಏನೂ ಆಗಲಿಲ್ಲ. ಸೀಸೆಯ ಹಳೇದನ್ನ ಅದೇ ಯಂತ್ರಕ್ಕೆ ಹಾಕಿದೆ. ದೊಡ್ಡ ಗೆರೆಯ ಪಕ್ಕದಲ್ಲಿ, ಹಳೇ ಯಂತ್ರಕ್ಕೆ ಕಾಣದ ಇನ್ನೊಂದು ಸಣ್ಣದು ಇತ್ತು. ಆಗ ಗೊತ್ತಾಯ್ತು, ಇಷ್ಟು ವರ್ಷ ಕೆಲಸ ಮಾಡಿದ್ದು ನಿನ್ನ ಪೆಪ್ಟೈಡ್ ಅಲ್ಲ. ನನ್ನ ಕೈತಪ್ಪಿನಿಂದ ಬೆರೆತ ಕಸ. ಆ ಸೀಸೆ ಹೊರದೇಶದವರ ಕೈಗೆ ಹೋಗಿದ್ರೆ ಒಂದೇ ದಿನದಲ್ಲಿ ಕಂಡುಹಿಡಿದು ಜಗತ್ತಿಗೆ ಸಾರ್ತಿದ್ರು. ಚೊಕ್ಕದ್ದು ಹೋದ್ರೆ, ಹಳೇದು ಕೆಟ್ಟಿದೆ ಅಂತ ಸುಮ್ಮನಾಗ್ತಾರೆ ಅಂದ್ಕೊಂಡೆ. ನಿನ್ನ ಹೆಸರು ಉಳಿಯುತ್ತೆ ಅಂತ. ಇವಳ ತಲೆಗೆ ಕಟ್ತಾರೆ ಅಂತ ತಿಳಿದಿರಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ..."

"ನಿನ್ನ ಬಾಯಿ ಸೇದಿಹೋಗಿತ್ತಾ?" ಎಂದರು ವಿಜ್ಞಾನಿ. ಬಳಿಕ ನಿರ್ದೇಶಕರ ಕಡೆ ತಿರುಗಿ, "ಹುಡುಗಿ ತಪ್ಪಿಲ್ಲ ಅಂತ ಈಗಲೇ ಬರೆದುಕೊಡಿ," ಎಂದರು. ಅವರು ಪೆನ್ನು ತೆಗೆದರು. ಹುಡುಗಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

ವಿಜ್ಞಾನಿ ಕುಸಿದುಬೀಳುತ್ತಾರೆ ಎಂದು ಮೈದುನ ನೀರಿನ ಲೋಟ ಹಿಡಿದು ನಿಂತಿದ್ದ. ಆದರೆ ಅವರ ಕಣ್ಣಲ್ಲಿ ಬೇರೇನೋ ಹೊತ್ತಿಕೊಂಡಿತ್ತು. ಕುರ್ಚಿ ಎಳೆದುಕೊಂಡು ತಮ್ಮನ ಎದುರಿಗೇ ಕೂತರು.

"ಹಳೇ ಪುಡಿ ಎಲ್ಲಿ?"

"ತೊಳೆದುಬಿಟ್ಟೆ ಅಕ್ಕ. ಸಿಂಕಿಗೆ."

"ಪೂರ್ತಿ?"

"ಪೂರ್ತಿ."

"ಕಸ ಅಂದೆಯಲ್ಲ, ಕೋಶಗಳು ಇಷ್ಟು ವರ್ಷ ಓಗೊಟ್ಟಿದ್ದು ಆ ಕಸಕ್ಕೇ ಕಣೋ! ನಾನು ಹುಡುಕ್ತಿದ್ದದ್ದು ಅದೇ. ನನ್ನ ತಪ್ಪನ್ನ ಮುಚ್ಚೋಕೆ ಹೋಗಿ ನನ್ನ ನಿಜಾನ ಚೆಲ್ಲಿಬಿಟ್ಟೆಯಲ್ಲೋ." ಅವರು ತಮ್ಮನ ಎರಡೂ ಕೈ ಹಿಡಿದುಕೊಂಡರು. "ಆ ಸಣ್ಣ ಗೆರೆಯ ಅಣುತೂಕ ಎಷ್ಟಿತ್ತು?"

"ನೋಡಲಿಲ್ಲ ಅಕ್ಕ. ಹೆದರಿ ಯಂತ್ರ ನಿಲ್ಲಿಸಿ ಅಳಿಸಿಬಿಟ್ಟೆ."

"ಹೋಗಲಿ. ಮೊದಲ ಸಲ ಮಾಡಿದ ದಿನ ಎಲ್ಲಿ ತಪ್ಪಿದೆ? ಯಾವ ಮಣಿ ಹೆಚ್ಚಾಯ್ತು, ಯಾವುದು ಬಿಟ್ಟೋಯ್ತು? ನೆನಪು ಮಾಡ್ಕೋ. ಅದೇ ತಪ್ಪನ್ನ ಮತ್ತೆ ಮಾಡೋಣ."

ಮಾಮ ಮಗುವಿನ ಹಾಗೆ ಬಿಕ್ಕಿದರು. "ತಪ್ಪು ಮಾಡ್ತಿದ್ದೀನಿ ಅಂತ ಆವತ್ತು ಗೊತ್ತಿದ್ರೆ ತಾನೇ ಅಕ್ಕ, ಇವತ್ತು ನೆನಪಿರೋದು?"

ಅಕ್ಕ ಕೈ ಬಿಡಲಿಲ್ಲ. ಅತ್ತಿಗೆ ಮೈದುನನಿಗೆ ಕಣ್ಸನ್ನೆ ಮಾಡಿದರು. ಇಬ್ಬರೂ ಬಾಗಿಲು ಎಳೆದುಕೊಂಡು ಹೊರಬಂದರು.