ಗೋಡೆಗೂ ಹಣೆಗೂ ನಡುವೆ

ಅವಳು ಅವನ ಕೆನ್ನೆಗೆ ಬಾರಿಸಿದ ಸದ್ದಿಗೆ ಇಡೀ ತರಗತಿ ತಿರುಗಿ ನೋಡಿತು.

ಅಂಗವೈಕಲ್ಯವಿರುವ ಮಕ್ಕಳಿಗೆ ಪಾಠ ಹೇಳುವುದು ಹೇಗೆಂದು ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ಕಲಿಸುವ ಟ್ರೇನರ್ ಅವಳು. ಅವನು ಅಂಥ ಮಕ್ಕಳ ಈ ಶಾಲೆಗೆ ಟ್ರೇನಿಂಗಿಗೆ ಬಂದ ಲೆಕ್ಕದ ಮೇಷ್ಟ್ರು. ಮಾತು ಬಾರದ ಏಳು ವರ್ಷದ ಪುಟ್ಟಿಯ ಹಣೆಯನ್ನು ಅವನು ಗೋಡೆಗೆ ಒತ್ತಿ ಹಿಡಿದಂತೆ ಬಾಗಿಲಿನಿಂದ ಕಂಡಿತ್ತು. ಓಡಿ ಬಂದು ಹೊಡೆದೇಬಿಟ್ಟಿದ್ದಳು.

"ಮೇಡಂ, ಪುಟ್ಟೀನೇ ತಲೆ ಚಚ್ಕೋತಿದ್ಲು," ಎಂದಳು ಆಯಾ. "ಇವರು ಕೈ ಅಡ್ಡ ಕೊಟ್ರು ಅಷ್ಟೆ."

ಅವನ ಬೆರಳಗಂಟುಗಳು ಸುಲಿದು ರಕ್ತ ಜಿನುಗುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಅವಳೇ ಅವನ ಗಾಯಕ್ಕೆ ಔಷಧಿ ಹಚ್ಚಿದಳು. "ಕ್ಷಮಿಸಿ. ಏನು ಎತ್ತ ಕೇಳ್ದೇ ಹೊಡೆದ್ಬಿಟ್ಟೆ."

"ಒಳ್ಳೇ ಏಟು. ನಿಮ್ಮ ಪಾಠಕ್ಕಿಂತ ಬೇಗ ತಲೆಗೆ ಹೋಯ್ತು."

ನಗು ತಡೆಯಲು ಅವಳು ತುಟಿ ಕಚ್ಚಿದಳು. ಅವನು ಆ ತುಟಿಯನ್ನೇ ನೋಡಿದ. ಅವಳು ಬೇಕೆಂದೇ ಹತ್ತಿಯನ್ನು ಗಾಯಕ್ಕೆ ಒತ್ತಿದಳು.

"ಅಯ್ಯೋ!"

"ಕಣ್ಣು ಗಾಯದ ಮೇಲಿರ್ಲಿ, ಮೇಷ್ಟ್ರೇ."

ಮುಂದಿನ ವಾರ ಪುಟ್ಟಿಯ ಅಪ್ಪ ಕುಡಿದು ಒಳಗೆ ನುಗ್ಗಿದ. "ಈ ಮೂಗಿಗೆ ಪಾಠ ಒಂದು ಕೇಡು!" ಎಂದು ಮಗಳ ಜುಟ್ಟು ಹಿಡಿದೆಳೆದ. ತಡೆಯಲು ಬಂದ ಟ್ರೇನರನ್ನು ಒದ್ದು ಕೆಡವಿದ. ಕಬ್ಬಿಣದ ಕುರ್ಚಿ ಎತ್ತಿ ಮಗಳತ್ತ ಬೀಸಿದ.

ಮೇಷ್ಟ್ರು ಅಡ್ಡ ಹಾರಿದ. ಭುಜದ ಮೂಳೆ ಲಟಕ್ಕೆಂದಿತು. ಮರುಕ್ಷಣವೇ ಅವನು ಆ ಅಪ್ಪನನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಕೂತು, ಒಂದೇ ಕೈಯಲ್ಲಿ ಕತ್ತು ಹಿಸುಕತೊಡಗಿದ. ಅಪ್ಪನ ಮುಖ ನೀಲಿಗಟ್ಟಿತು.

"ಬಿಡಿ! ಪುಟ್ಟಿ ನೋಡ್ತಿದಾಳೆ!" ಬಿದ್ದಲ್ಲಿಂದಲೇ ಅವಳು ಕಿರುಚಿದಳು.

ಅವನು ಬಿಟ್ಟ. ಬಿಟ್ಟೊಡನೆ ಅಪ್ಪ ಗುದ್ದಿದ ಏಟಿಗೆ ಅವನ ಮುಂದಿನ ಹಲ್ಲು ಮುರಿಯಿತು. ಅವನು ಮತ್ತೆ ಕೈ ಎತ್ತಲಿಲ್ಲ. ಪುಟ್ಟಿಗೆ ಬೆನ್ನು ಅಡ್ಡ ಕೊಟ್ಟು ಏಟು ತಿನ್ನುತ್ತ ಕೂತ. ಅಕ್ಕಪಕ್ಕದವರು ಓಡಿ ಬಂದು ಆ ಅಪ್ಪನನ್ನು ಕಟ್ಟಿಹಾಕಿದರು. ಪೊಲೀಸರು ಅವನನ್ನು ಎಳೆದೊಯ್ದರು. ಪುಟ್ಟಿಯನ್ನು ಅಜ್ಜಿ ತನ್ನ ಮನೆಗೆ ಕರೆದೊಯ್ದಳು.

ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ಮುಖ ತಿರುಗಿಸಿಕೊಂಡೇ ಹೇಳಿದ. "ನಾನು ಈ ಕೆಲ್ಸಕ್ಕೆ ಲಾಯಕ್ಕಿಲ್ಲ ಮೇಡಂ. ಕತ್ತು ಹಿಸುಕುವಾಗ ಹಿತವಾಗಿತ್ತು."

"ನಂಗೂ ನೀವು ಬಿಡೋದು ಬೇಡ ಅನ್ನಿಸ್ತು. ಆದ್ರೂ ಕೂಗ್ದೆ. ನೀವು ಬಿಟ್ರಿ." ಅವಳು ಹತ್ತಿರ ಸರಿದು ಕೂತಳು. "ನಾನು ಕಲಿಸೋದು ಅಷ್ಟನ್ನೇ."

"ಒಂದು ಮಾತು ಕೇಳ್ಲಾ?"

"ಇನ್ನೂ ಹನ್ನೊಂದು ದಿನ ನಾನು ನಿಮ್ಮ ಟ್ರೇನರ್. ಅದು ಮುಗೀಲಿ."

"ಕೇಳೋದು ಈಗ್ಲೇ ಕೇಳ್ತೀನಿ. ಉತ್ತರಕ್ಕೆ ಹನ್ನೊಂದು ದಿನ ತಗೊಳ್ಳಿ. ನನ್ನನ್ನ ಪ್ರೀತಿಸ್ತೀರಾ?"

ಮುರಿದ ಹಲ್ಲಿನ ಸಂದಿಯಲ್ಲಿ ಆ 'ಸ್ತೀ' ಸಿಳ್ಳೆಯಾಗಿ ಹೊರಬಂತು. ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳು.

ಹನ್ನೊಂದು ದಿನ ಅವಳಿಗೆ ಬೇಕಾಗಲಿಲ್ಲ. "ಹೂಂ," ಎಂದಳು.